ಪಿಸುಮಾತಿನ ಬೆನ್ನು ಹತ್ತಿದವರು

ಗೋಳಗುಮ್ಮಟ ನೋಡದ ವಿಜಯಪುರದವರು ಯಾರಾದರೂ ಇದ್ದಾರಾ? ಹೊರಗಿನ ಜಿಲ್ಲೆಯಿಂದ ನಮ್ಮ ಕಾಲೇಜಿಗೆ ಬಂದವರೂ ಮೊದಲ ಸೆಮಿಸ್ಟರ್ ಮುಗಿಯೋದ್ರೊಳಗೆ ಒಂದು ಸಲವಾದರೂ ಹತ್ತಿ ಬಂದಿರ್ತಾರೆ. ಮೂಲೆಯ ಮಿನಾರಿನ ಏಳು ಅಂತಸ್ತಿನ ಮೆಟ್ಟಿಲು, ಮೇಲೆ ಹೋಗೋದ್ರೊಳಗೆ ಏದುಸಿರು, ಆಮೇಲೆ ಗುಮ್ಮಟದ ಒಳಗಿನ ದುಂಡನೆಯ ಗ್ಯಾಲರಿ. ಒಂದು ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತೆ ಅಂತ ಗೈಡ್‌ಗಳು ಹೇಳ್ತಾರೆ. ನಾವ್ಯಾರೂ ಎಣಿಸೋದಿಲ್ಲ. ಸೀಟಿ ಹೊಡೆದು, ಗೆಳೆಯರ ಹೆಸರು ಕೂಗಿ, ಒಂದು ರೀಲ್ಸ್ ಮಾಡಿ ಇಳಿದು ಬರ್ತೀವಿ.

ಆದರೆ ಆ ಗ್ಯಾಲರಿಯಲ್ಲಿ ಪ್ರತಿಧ್ವನಿಗಿಂತ ವಿಚಿತ್ರವಾದದ್ದು ಇನ್ನೊಂದಿದೆ. ಬೆಳಿಗ್ಗೆ ಬೇಗ, ಜನ ಕಡಿಮೆ ಇದ್ದಾಗ ಹೋಗಬೇಕು. ಒಬ್ಬರು ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಪಿಸುಗುಟ್ಟಬೇಕು. ಆಚೆ ಬದಿಯಲ್ಲಿ, ನೇರ ಅಳೆದರೆ ಸುಮಾರು 38 ಮೀಟರ್ ದೂರದಲ್ಲಿ, ಇನ್ನೊಬ್ಬರು ಗೋಡೆಗೆ ಕಿವಿ ಕೊಡಬೇಕು. ಕಿವಿಯ ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ ಕೇಳುತ್ತೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ಕಟ್ಟಿದ ಈ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ನಮ್ಮೂರು ಇಟ್ಟಂಗಿಹಾಳ. ನಮ್ಮ ಕಡೆ ಇಟ್ಟಿಗೆಗೆ ಇಟ್ಟಂಗಿ ಅಂತಲೇ ಅನ್ನೋದು. ಹಾಗಾಗಿ ಇಟ್ಟಂಗಿಯ ಗುಮ್ಮಟದ ಬಗ್ಗೆ ಬರೆಯೋಕೆ ನನಗೆ ಸ್ವಲ್ಪ ಹಕ್ಕಿದೆ ಅಂದುಕೊಳ್ತೀನಿ!

ಪಿಸುಮಾತು ಅಷ್ಟು ದೂರ ಹೇಗೆ ಹೋಗುತ್ತೆ? ಹಾಸ್ಟೆಲ್‌ನಲ್ಲಿ ಕೇಳಿ ನೋಡಿದೆ. ಹೆಚ್ಚಿನವರ ಉತ್ತರ ಒಂದೇ: "ಸಿಂಪಲ್ ಐತಲ್ಲೋ, ಸದ್ದು ಮ್ಯಾಲೆ ಹೋಗಿ ಗುಮ್ಮಟಕ್ಕ ಬಡದು ಆ ಕಡೆ ಫೋಕಸ್ ಆಗ್ತೈತಿ." ಡಿಶ್ ಆಂಟೆನಾ ಇದ್ದ ಹಾಗೆ. ಕೇಳೋಕೆ ಬಹಳ ಸರಿಯಾಗಿದೆ. ಆದರೆ ಅದು ತಪ್ಪು. ಹಾಗಂತ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ, ಯಾಕಂದ್ರೆ ಇಂಗ್ಲೆಂಡಿನ ರಾಜ ಖಗೋಳಜ್ಞರಾಗಿದ್ದ ಜಾರ್ಜ್ ಏರಿ ಹೇಳಿದ್ದೂ ಹೆಚ್ಚುಕಡಿಮೆ ಇದೇ ಉತ್ತರ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲೂ ನಮ್ಮಲ್ಲಿರುವಂಥದ್ದೇ ಪಿಸುಮಾತಿನ ಗ್ಯಾಲರಿ ಇದೆ. ಅಲ್ಲಿನ ಸದ್ದು ಮೇಲಿನ ಗುಮ್ಮಟಕ್ಕೆ ಬಡಿದು ಎದುರು ಬದಿಗೆ ಕೂಡುತ್ತೆ ಅಂತ ಏರಿ ವಿವರಿಸಿದ್ದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಮುಗೀತಲ್ಲ?

ಮುಗೀಲಿಲ್ಲ. ಲಾರ್ಡ್ ರೇಲಿ ಆ ಗ್ಯಾಲರಿಯಲ್ಲಿ ತಾವೇ ನಿಂತು ಕೇಳಿದರು. ಏರಿ ಹೇಳಿದ್ದು ಸರಿಯಾಗಿದ್ದರೆ ಪಿಸುಮಾತು ಸರೀ ಎದುರು ಬದಿಯಲ್ಲಿ ಮಾತ್ರ ಚೆನ್ನಾಗಿ ಕೇಳಬೇಕು, ನಡುವೆ ಕೇಳಬಾರದು. ಆದರೆ ಗೋಡೆಗುಂಟ ಎಲ್ಲಿ ನಿಂತರೂ ಕೇಳುತ್ತಿತ್ತು. ಅಂದ್ರೆ ಸದ್ದು ಮೇಲಕ್ಕೆ ಹೋಗಿ ಬರುತ್ತಿಲ್ಲ, ಗೋಡೆಗೆ ಅಂಟಿಕೊಂಡು ಸುತ್ತುತ್ತಿದೆ! ಡೊಂಕಾದ ಗೋಡೆಗೆ ಓರೆಯಾಗಿ ಬಡಿದ ಸದ್ದು ಮತ್ತೆ ಓರೆಯಾಗಿಯೇ ಮುಂದಕ್ಕೆ ಹೋಗಿ ಬಡಿಯುತ್ತೆ, ಮತ್ತೆ ಬಡಿಯುತ್ತೆ. ಹೀಗೆ ಗೋಡೆಯ ಪಕ್ಕದ ಒಂದು ತೆಳುವಾದ ಪಟ್ಟಿಯಲ್ಲೇ ಉಳಿಯುತ್ತೆ. ಇಡೀ ಹಾಲಿನ ತುಂಬ ಹರಡದೇ ಇರೋದ್ರಿಂದ ಬೇಗ ಕ್ಷೀಣಿಸೋದೂ ಇಲ್ಲ. ಪಿಸುಮಾತಿನಲ್ಲಿ ಇರುವ "ಸ್ ಸ್" ಅನ್ನೋ ಸಣ್ಣ ತರಂಗದ ಸದ್ದು ಗೋಡೆಗೆ ಇನ್ನೂ ಚೆನ್ನಾಗಿ ಅಂಟಿಕೊಳ್ಳುತ್ತೆ.

ರೇಲಿ ಬಾಯಿಮಾತಿಗೆ ಬಿಡಲಿಲ್ಲ. ಲೋಹದ ತಗಡನ್ನು ಅರ್ಧ ವೃತ್ತವಾಗಿ ಬಗ್ಗಿಸಿ, ಒಂದು ತುದಿಯಲ್ಲಿ ಹಕ್ಕಿಯ ದನಿ ಮಾಡುವ ಸೀಟಿ ಇಟ್ಟರು, ಇನ್ನೊಂದು ತುದಿಯಲ್ಲಿ ಸದ್ದಿಗೆ ನಡುಗುವ ಒಂದು ಗ್ಯಾಸ್ ಜ್ವಾಲೆ. ಸೀಟಿ ಊದಿದರೆ ಜ್ವಾಲೆ ನಡುಗಿತು. ತಗಡಿನ ಒಳಮೈಗೆ ತಾಗಿಸಿ ನಡುವೆ ಒಂದು ಸಣ್ಣ ಅಡ್ಡ ಪಟ್ಟಿ ಇಟ್ಟ ಕೂಡಲೇ ಜ್ವಾಲೆ ಶಾಂತವಾಯಿತು. ಸದ್ದಿನ ದಾರಿ ಯಾವುದು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? 1910ರಲ್ಲಿ ರೇಲಿ ಇದರ ಪೂರ್ಣ ಗಣಿತವನ್ನೂ ಬರೆದರು.

ಈ ರೇಲಿ ಅನ್ನೋ ಮನುಷ್ಯನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇವರು ಗಾಳಿಯಿಂದ ತೆಗೆದ ನೈಟ್ರೋಜನ್ನಿನ ಸಾಂದ್ರತೆ ಅಳೆಯುತ್ತಿದ್ದರು. ಅಮೋನಿಯಾ ಬಳಸಿ ತಯಾರಿಸಿದ ನೈಟ್ರೋಜನ್ ಅದಕ್ಕಿಂತ ಸಾವಿರದಲ್ಲಿ ಒಂದು ಪಾಲು ಹಗುರ ಬಂತು. ಸಾವಿರದಲ್ಲಿ ಒಂದು! ನಮ್ಮ ಲ್ಯಾಬಿನಲ್ಲಿ ಅಷ್ಟೇ ವ್ಯತ್ಯಾಸ ಬಂದರೆ ನಾವು ಪಾರ್ಟಿ ಮಾಡ್ತೀವಿ. ರೇಲಿ ಏನು ಮಾಡಿದರು ಗೊತ್ತಾ? 1892ರಲ್ಲಿ 'ನೇಚರ್' ಪತ್ರಿಕೆಗೆ ಪತ್ರ ಬರೆದು, ನನಗಿದು ಅರ್ಥವಾಗ್ತಿಲ್ಲ, ರಸಾಯನಶಾಸ್ತ್ರ ಬಲ್ಲವರು ಕಾರಣ ಹೇಳಿದರೆ ಉಪಕಾರ ಅನ್ನೋ ಅರ್ಥದಲ್ಲಿ ಎಲ್ಲರ ಮುಂದೆ ಕೇಳಿದರು. ಅಷ್ಟೇ ಅಲ್ಲ, ಆ ವ್ಯತ್ಯಾಸವನ್ನು ಸಣ್ಣದು ಮಾಡೋ ಬದಲು ದೊಡ್ಡದು ಮಾಡೋಕೆ ನೋಡಿದರು. ಪೂರ್ತಿ ಅಮೋನಿಯಾದಿಂದಲೇ ನೈಟ್ರೋಜನ್ ತೆಗೆದಾಗ ವ್ಯತ್ಯಾಸ ಸುಮಾರು ಇನ್ನೂರರಲ್ಲಿ ಒಂದು ಪಾಲಾಯಿತು. ಕೊನೆಗೆ ಗಾಳಿಯಲ್ಲಿ ಯಾರಿಗೂ ಗೊತ್ತಿಲ್ಲದ ಇನ್ನೊಂದು ಅನಿಲ ಇದೆ ಅಂತ ರೇಲಿ ಮತ್ತು ವಿಲಿಯಂ ರ‍್ಯಾಮ್ಸೆ 1894ರಲ್ಲಿ ಹೇಳಿದರು. ಅದೇ ಆರ್ಗಾನ್. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲಿಗೆ ಭೌತಶಾಸ್ತ್ರದಲ್ಲಿ, ರ‍್ಯಾಮ್ಸೆಗೆ ರಸಾಯನಶಾಸ್ತ್ರದಲ್ಲಿ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್. ಗ್ರೇಟಿಂಗ್ ಇಟ್ಟು ಲೇಸರಿನ ತರಂಗದೂರ ಕಂಡುಹಿಡಿಯೋ ಪ್ರಯೋಗ. ಲೇಸರ್ ಮೇಲೆ 650 ನ್ಯಾನೋಮೀಟರ್ ಅಂತ ಬರೆದೇ ಇರುತ್ತೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗ! ಪಕ್ಕದ ಟೇಬಲ್ಲಿನ ಇಬ್ಬರು ಹುಡುಗಿಯರಿಗೆ 607 ಬಂತು. ಒಬ್ಬಳು, "ಏ, 648 ಅಂತ ಬರದು ಬಿಡಲೇ, ಹಿಂದಿಂದು ಅಡ್ಜಸ್ಟ್ ಮಾಡೂಣು" ಅಂದಳು. ಸೀನಿಯರ್ ರೆಕಾರ್ಡ್ ಹೇಗೂ ವಾಟ್ಸಾಪಿನಲ್ಲಿ ಇತ್ತು. ಇನ್ನೊಬ್ಬಳು, ಟಿಕೋಟಾದಿಂದ ದಿನಾ ಬಸ್ಸಿಗೆ ಬರೋಳು, ಒಪ್ಪಲಿಲ್ಲ. ಹೋಗಿ ಮೇಡಂಗೆ ತೋರಿಸಿದಳು. ಮೇಡಂ ಬೈಯಲಿಲ್ಲ. "607 ಬರೀವಾ. ಯಾಕ ಬಂತು ಅನ್ನೂದು ಹುಡುಕಿ ಅದರ ಕೆಳಗ ಬರಿ" ಅಂದ್ರು.

ಹುಡುಕಿದರು. ಪರದೆಯ ದೂರವನ್ನು ಗ್ರೇಟಿಂಗ್‌ನಿಂದ ಅಳೆಯೋ ಬದಲು ಲೇಸರಿನ ಮೂತಿಯಿಂದ ಅಳೆದಿದ್ದರು. 100 ಸೆಂಟಿಮೀಟರ್ ಇರಬೇಕಾದದ್ದು 107 ಆಗಿತ್ತು. ಸರಿಮಾಡಿ ಲೆಕ್ಕ ಹಾಕಿದರೆ 649. ಅವಳು ಎರಡೂ ಟೇಬಲ್‌ಗಳನ್ನು ರೆಕಾರ್ಡಿನಲ್ಲಿ ಹಾಗೇ ಇಟ್ಟಳು. ಗ್ರೇಟಿಂಗ್ ಪ್ರಯೋಗದಲ್ಲಿ ಆ ದೂರ ಯಾಕೆ ಮುಖ್ಯ ಅನ್ನೋದು ಅವತ್ತು ಆ ಇಬ್ಬರಿಗೆ ಅರ್ಥವಾದಷ್ಟು ನಮ್ಮ ಬ್ಯಾಚಿನಲ್ಲಿ ಇನ್ಯಾರಿಗೂ ಅರ್ಥವಾಗಿರಲಿಲ್ಲ ಅಂತ ನನ್ನ ಅನಿಸಿಕೆ. 648 ಅಂತ ಬರೆದಿದ್ದರೆ ಅಂಕ ಬರುತ್ತಿತ್ತು, ಆ ಏಳು ಸೆಂಟಿಮೀಟರ್ ಮಾತ್ರ ಯಾವತ್ತೂ ಸಿಗುತ್ತಿರಲಿಲ್ಲ.

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಫಿಸಿಕ್ಸಿನ 'ಎರರ್' ಅನ್ನೋ ಪದ ಕೇಳಿದರೆ ಭಯ ಆಗೋದಿಲ್ಲ, ಪ್ಲಸ್ ಆರ್ ಮೈನಸ್ ಹಾಕಿ ಬರೆಯೋ ಒಂದು ಸಂಖ್ಯೆ ಅಷ್ಟೇ. ಅದೇ ಮನೆಯಲ್ಲಿ 'ತಪ್ಪು' ಅಂದರೆ ಬೇರೆಯೇ ಆಗುತ್ತೆ. "ತಪ್ಪಾತು" ಅಂದರೆ ಕ್ಷಮೆ ಕೇಳಿದ ಹಾಗೆ. ಒಂದೇ ಪದದಲ್ಲಿ ಲೆಕ್ಕ ತಪ್ಪಿದ್ದೂ ಇದೆ, ಅಪರಾಧವೂ ಇದೆ. ರೀಡಿಂಗ್ ಹೊಂದದಿದ್ದರೆ ನಮಗೆ ನಾಚಿಕೆಯಾಗೋದು ಇದಕ್ಕೇ ಇರಬೇಕು. ರೇಲಿ ಆ ಎರಡನ್ನು ಬೇರೆ ಬೇರೆ ಇಟ್ಟರು. ಸಂಖ್ಯೆ ಹೊಂದಲಿಲ್ಲ ಅಂದರೆ ತಮ್ಮ ಮರ್ಯಾದೆ ಹೋಯ್ತು ಅಂತ ಅವರು ತಿಳಿಯಲಿಲ್ಲ.

ತಪ್ಪನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ಏನಾಗುತ್ತೆ ಅನ್ನೋದನ್ನು ನಾನು ಊರಲ್ಲಿ ನೋಡಿದ್ದೀನಿ. ನಮ್ಮ ಕಾಕಾ ಹೊಲದಾಗ ಬೋರ್ ಹೊಡೆಸೋ ಮುಂಚೆ ನೀರು ತೋರಿಸೋ ಒಬ್ಬರನ್ನು ಕರೆಸಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದ ತುಂಬ ಅಡ್ಡಾಡಿ, ಕಾಯಿ ಎದ್ದು ನಿಂತ ಜಾಗದಲ್ಲಿ ಗೂಟ ಬಡಿಸಿದರು. ಬೋರ್ ಗಾಡಿ ಬಂತು, ರಾತ್ರಿಯಿಡೀ ಹೊಡೆಯಿತು, ಬರೀ ಧೂಳು. "ಗೂಟ ಬಿಟ್ಟು ಒಂದ್ ಮಾರ ಬಾಜೂಕ ಹೊಡದೀರಿ, ಅದಕ್ಕ ಬಿದ್ದಿಲ್ಲ" ಅಂದರು. ಎರಡನೇ ಸಲ ಗೂಟದ ಮೇಲೇ ಹೊಡೆಸಿದರು. ಆಗಲೂ ಧೂಳು. "ಮನ್ಯಾಗ ಯಾರೋ ಮೈಲಿಗಿ ಮಾಡ್ಯಾರ" ಅಂತ ಬಂತು ಉತ್ತರ. ನೀರು ಬಿದ್ದ ಹೊಲಗಳ ಹೆಸರು ಅವರಿಗೆ ಬಾಯಿಪಾಠ. ಬೀಳದ ಹೊಲಗಳ ಪಟ್ಟಿ ಅವರ ಹತ್ತಿರ ಇಲ್ಲವೇ ಇಲ್ಲ. ಯಾವತ್ತೂ ತಪ್ಪಾಗದ ವಿದ್ಯೆ ಅದು! ಸಾಲ ಮಾತ್ರ ಕಾಕಾನ ಹೆಸರಿನಲ್ಲಿ.

ಕಾಕಾ ಏಳನೇತ್ತೆ ಓದಿದವರು. ಆದರೆ ಎರಡೂ ಸಲ ಗಾಡಿಯವರ ಪಕ್ಕ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು: ಎಷ್ಟು ಅಡಿಗೆ ಗರಸು, ಎಷ್ಟು ಅಡಿಗೆ ಕರಿಕಲ್ಲು, ಎಲ್ಲಿ ಹಸಿ ಬಂತು, ಎಲ್ಲಿ ಒಣಗಿತು. ಮೂರನೇ ಬೋರಿಗೆ ಎಲ್ಲರೂ ಒತ್ತಾಯ ಮಾಡಿದಾಗ ಆ ನೋಟ್‌ಬುಕ್ ತೆಗೆದು, "ಎರಡೂ ಕಡೆ ಒಂದ ನಮೂನಿ ಕಲ್ಲ ಐತಿ. ಈ ಹೊಲದಾಗ ನೀರ ಐತಿ ಅಂತ ನಾ ತಿಳಕೊಂಡಿದ್ದು ಸುಳ್ಳ. ಮುಗೀತು" ಅಂದರು. ಆ ದುಡ್ಡಿನಲ್ಲಿ ಕೃಷಿ ಹೊಂಡ ತೋಡಿಸಿದರು. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದ್ತಿರೋನು ನಾನು. ಆದರೆ ಆ ಮಾತು ಕೇಳಿದಾಗ ವಿಜ್ಞಾನಿಯ ಹಾಗೆ ಮಾತಾಡಿದ್ದು ಕಾಕಾ ಅನ್ನಿಸಿತು.

ಮತ್ತೆ ಪಿಸುಮಾತಿಗೆ ಬರೋಣ, ಯಾಕಂದ್ರೆ ಆ ಕಥೆ ರೇಲಿಯ ಹತ್ತಿರವೂ ಮುಗಿಯಲಿಲ್ಲ. ರೇಲಿ ತೀರಿಕೊಂಡಿದ್ದು 1919ರಲ್ಲಿ. ಎರಡು ವರ್ಷದ ಮೇಲೆ, 1921ರಲ್ಲಿ, ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಹೋದ 32 ವರ್ಷದ ಸಿ.ವಿ. ರಾಮನ್ ಸೇಂಟ್ ಪಾಲ್ಸ್ ಹತ್ತಿದರು. ಸದರ್ಲ್ಯಾಂಡ್ ಅನ್ನೋ ಸಹೋದ್ಯೋಗಿಯ ಜೊತೆ ಅಳತೆ ಮಾಡಿದಾಗ, ಗೋಡೆಯಿಂದ ಒಳಗೆ ಸರಿದ ಹಾಗೆ ಸದ್ದು ಸುಮ್ಮನೆ ಕಡಿಮೆಯಾಗುತ್ತಾ ಹೋಗದೆ ಏರಿಳಿಯೋದು ಕಂಡಿತು. ರೇಲಿಯ ವಿವರಣೆ ಬುಡದಲ್ಲಿ ಸರಿ, ಆದರೆ ಇಷ್ಟನ್ನು ಹಿಡಿದಿರಲಿಲ್ಲ. ರಾಮನ್ ಅದನ್ನು ನೇರವಾಗಿ ಬರೆದರು. ಭಾರತಕ್ಕೆ ಬಂದ ಮೇಲೆ ಇಲ್ಲಿನ ಪಿಸುಮಾತಿನ ಕಟ್ಟಡಗಳ ಮೇಲೂ ಕೆಲಸ ಮಾಡಿದರು. ಆ ಬಗ್ಗೆ ಅವರು ಬರೆದ ಲೇಖನದಲ್ಲಿ ನಮ್ಮ ಗೋಳಗುಮ್ಮಟವೂ ಇದೆ. ನಾವು ರೀಲ್ಸ್ ಮಾಡೋ ಜಾಗ ನೂರು ವರ್ಷದ ಹಿಂದೆಯೇ ಪ್ರಯೋಗದ ವಿಷಯವಾಗಿತ್ತು ಅಂತ ನಮ್ಮ ಎಷ್ಟು ಜನಕ್ಕೆ ಗೊತ್ತು?

ಅದೇ ಪ್ರಯಾಣದಲ್ಲಿ ಇನ್ನೊಂದು ನಡೆಯಿತು. 'ನರ್ಕುಂಡಾ' ಹಡಗಿನಲ್ಲಿ ವಾಪಸ್ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ರಾಮನ್ ಕಣ್ಣಿಗೆ ಬಿತ್ತು. ಸಮುದ್ರದ ನೀಲಿ ಅಂದರೆ ಆಕಾಶದ ಪ್ರತಿಬಿಂಬ ಅಷ್ಟೇ ಅಂತ ಹೇಳಿದ್ದವರು ಯಾರು? ಅದೇ ರೇಲಿ! ರಾಮನ್ ಒಂದು ನಿಕೋಲ್ ಪ್ರಿಸಂ ಹಿಡಿದು ನೀರಿನ ಮೇಲ್ಮೈಯ ಪ್ರತಿಫಲನವನ್ನು ಕತ್ತರಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಅಂದರೆ ಬೆಳಕನ್ನು ಚದುರಿಸುತ್ತಿರೋದು ನೀರೇ. ಹಡಗು ಬಾಂಬೆ ಬಂದರಿನಲ್ಲಿ ಇದ್ದಾಗಲೇ 'ನೇಚರ್'ಗೆ ಪತ್ರ ಹೋಯಿತು. ಆಮೇಲೆ ಕಲ್ಕತ್ತಾದಲ್ಲಿ ದ್ರವಗಳ ಮೇಲೆ ಪ್ರಯೋಗ ಶುರುವಾಯಿತು. 1923ರಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ಚದುರಿದ ಬೆಳಕಿನಲ್ಲಿ ಬಣ್ಣ ಬದಲಾದ ಒಂದು ಕ್ಷೀಣ ಬೆಳಕು ಕಂಡಿತು. ದ್ರವದಲ್ಲಿ ಕಲ್ಮಶ ಇರಬೇಕು ಅಂದುಕೊಂಡರು. ಮತ್ತೆ ಮತ್ತೆ ಶುದ್ಧ ಮಾಡಿದರೂ ಅದು ಹೋಗಲಿಲ್ಲ. ಕಲ್ಮಶ ಅನ್ನೋ ಉತ್ತರವೇ ತಪ್ಪಾಗಿತ್ತು. ಆ ಹೋಗದ ಬೆಳಕಿನ ಬೆನ್ನು ಹತ್ತಿದ ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರ ಫೆಬ್ರವರಿ 28ಕ್ಕೆ ತಲುಪಿದ್ದು ರಾಮನ್ ಪರಿಣಾಮಕ್ಕೆ. 1930ರಲ್ಲಿ ನೊಬೆಲ್. ಕಾಲೇಜಿನಲ್ಲಿ ಪ್ರತಿ ವರ್ಷ ವಿಜ್ಞಾನ ದಿನ ಅಂತ ಪೋಸ್ಟರ್ ಸ್ಪರ್ಧೆ ಇಡೋದು ಆ ದಿನವೇ.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚಂದ. ಆದರೆ ಅದು ಪೂರ್ತಿ ಕಥೆ ಆಗೋದಿಲ್ಲ. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಜರ್ಮನಿ ಬಿಡಬೇಕಾಗಿ ಬಂದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಅಲ್ಲಿಗೆ ಕರೆಸಿದ್ದೂ ರಾಮನ್ ಅವರೇ. ಮುಂದೆ ಹರಳುಗಳಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆ ಅನ್ನೋ ವಿಷಯದಲ್ಲಿ ಇಬ್ಬರಿಗೂ ವಾದ ಬಿತ್ತು. ಕಂಪನಗಳು ಕೆಲವೇ ಬಿಡಿ ಬಿಡಿ ಆವೃತ್ತಿಗಳಲ್ಲಿ ಇರುತ್ತವೆ ಅಂತ ರಾಮನ್. ಅಖಂಡವಾದ ಪಟ್ಟಿಗಳಲ್ಲಿ ಹರಡಿರುತ್ತವೆ ಅಂತ ಬಾರ್ನ್. ಮುಂದೆ ನ್ಯೂಟ್ರಾನ್ ಚದುರಿಕೆಯ ಪ್ರಯೋಗಗಳು ಬಾರ್ನ್ ದಾರಿಯೇ ಸರಿ ಅಂತ ತೋರಿಸಿದವು. ಇವತ್ತು ಪಠ್ಯಪುಸ್ತಕದಲ್ಲಿ ಇರೋದು ಅದೇ. ರಾಮನ್ ಮಾತ್ರ ತಮ್ಮ ಪಟ್ಟು ಬಿಡಲಿಲ್ಲ.

ರಾಮನ್ ಅವರನ್ನು ಸಣ್ಣವರು ಮಾಡೋಕೆ ಇದನ್ನು ಬರೀತಿಲ್ಲ. ನನಗೆ ಇದರಿಂದ ತಿಳಿದದ್ದು ಬೇರೆ. ವಿನಯ ಅಂದರೆ ಮೆತ್ತಗೆ ಮಾತಾಡೋದು, ತಲೆ ತಗ್ಗಿಸಿ ನಿಲ್ಲೋದು, "ನಂಗೇನೂ ಗೊತ್ತಿಲ್ಲ ಸರ್" ಅನ್ನೋದು ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. 1921ರ ರಾಮನ್ ಆ ಅರ್ಥದಲ್ಲಿ ವಿನಯವಂತರಲ್ಲ. ನೊಬೆಲ್ ಪಡೆದ ರೇಲಿಯನ್ನೇ ಒಂದೇ ವರ್ಷದಲ್ಲಿ ಎರಡು ಸಲ ತಿದ್ದಿದವರು. ಆದರೆ ಸಮುದ್ರದ ಮುಂದೆ, ಗುಮ್ಮಟದ ಗೋಡೆಯ ಮುಂದೆ ಅವರು ತಲೆಬಾಗಿದರು, ಅದು ಹೇಳಿದ್ದನ್ನು ಕೇಳಿದರು. ವಿಜ್ಞಾನಕ್ಕೆ ಬೇಕಾದ ವಿನಯ ಅದು, ಮನುಷ್ಯರಿಗಿಂತ ಮೊದಲು ರೀಡಿಂಗಿಗೆ ತೋರಿಸಬೇಕಾದದ್ದು. ಅದು ಒಮ್ಮೆ ಬಂದರೆ ಬಿಟ್ಟು ಹೋಗದ ಗುಣವೂ ಅಲ್ಲ. ಅಷ್ಟು ದೊಡ್ಡ ರಾಮನ್ ಅವರಿಂದಲೂ ಅದು ಕೈತಪ್ಪಿತು ಅಂದರೆ, ಪ್ರತಿ ಸಲ ಹೊಸದಾಗಿ ಮಾಡಬೇಕಾದ ಕೆಲಸ ಅದು. ಅದಕ್ಕೇ ವಿಜ್ಞಾನ ಒಬ್ಬರ ಗುಣದ ಮೇಲೆ ನಿಂತಿಲ್ಲ. ಏರಿ ತಪ್ಪಿದರೆ ರೇಲಿ, ರೇಲಿ ತಪ್ಪಿದರೆ ರಾಮನ್, ರಾಮನ್ ತಪ್ಪಿದರೆ ಇನ್ನೊಬ್ಬರು. ಅವರೆಲ್ಲ ತಮ್ಮ ಲೆಕ್ಕವನ್ನು ಮುಚ್ಚಿಡದೆ ಬರೆದಿಟ್ಟಿದ್ದರಿಂದಲೇ ಮುಂದಿನವರಿಗೆ ತಿದ್ದೋಕೆ ಆಯ್ತು. ಇವತ್ತು ಕೂದಲೆಳೆಯಷ್ಟು ಸಣ್ಣ ಗಾಜಿನ ಗೋಲಿಯ ಒಳಗೆ ಬೆಳಕನ್ನು ಗೋಡೆಗುಂಟ ಸುತ್ತಿಸಿ ಸೆನ್ಸರ್ ಮಾಡ್ತಾರೆ. ಆ ಬೆಳಕಿನ ಸುತ್ತಾಟಕ್ಕೆ ಈಗಲೂ ಪಿಸುಮಾತಿನ ಗ್ಯಾಲರಿಯ ಹೆಸರೇ ಇದೆ.

ಈಗ ನಮ್ಮ ವಿಷಯ. ಮುಂದಿನ ವರ್ಷ ಮಿನಿ ಪ್ರಾಜೆಕ್ಟ್, ಆಮೇಲೆ ಮೇಜರ್ ಪ್ರಾಜೆಕ್ಟ್. ಕೆಲಸ ಮಾಡಿದ ಪ್ರಾಜೆಕ್ಟುಗಳ ವರದಿಗಳು ಲೈಬ್ರರಿಯಲ್ಲಿ ದಪ್ಪ ಬೈಂಡ್ ಹಾಕಿಕೊಂಡು ಕೂತಿರುತ್ತವೆ. ಕೆಲಸ ಮಾಡದೇ ಹೋದವು ಎಲ್ಲಿವೆ? ಸುಟ್ಟ ಮೋಟರ್, ಒಂದೇ ವಾರಕ್ಕೆ ಬಿರುಕು ಬಿಟ್ಟ ಕಾಂಕ್ರೀಟ್ ಕ್ಯೂಬ್, ಡೆಮೋ ದಿನ ಮಾತ್ರ ಕೈಕೊಟ್ಟ ಸೆನ್ಸರ್, ಇವುಗಳ ಕಥೆ ಕ್ಯಾಂಟೀನಿನಲ್ಲಿ ನಗೋಕೆ ಮಾತ್ರ ಇರುತ್ತೆ. ಪ್ರತಿ ವರ್ಷ ಹೊಸ ಬ್ಯಾಚು ಅದೇ ಮೋಟರನ್ನು ಮತ್ತೆ ಸುಡುತ್ತೆ.

ಅದಕ್ಕೆ ನಮ್ಮ ಕನ್ನಡ ಸಂಘಕ್ಕೆ ಒಂದು ಕೋರಿಕೆ. ಈ ಪತ್ರಿಕೆಯಲ್ಲಿ ಪ್ರತಿ ಸಲ ಒಂದು ಪುಟ ಇದಕ್ಕೇ ಬಿಡೋಣ. 'ಹೊಂದದ ರೀಡಿಂಗು' ಅಂತ ಹೆಸರಿಡಬಹುದು. ಯಾವ ಬ್ರಾಂಚಿನವರಾದರೂ ಬರೀಲಿ: ಏನು ಅಂದುಕೊಂಡಿದ್ದೆವು, ಏನು ಬಂತು, ಯಾಕೆ ಬಂತು. ಯಾಕೆ ಅನ್ನೋದು ಗೊತ್ತಾಗದಿದ್ದರೆ, ಗೊತ್ತಾಗಲಿಲ್ಲ ಅಂತಲೇ ಬರೀಲಿ. ಓದಿದ ಯಾರಿಗಾದರೂ ಗೊತ್ತಿರಬಹುದು. ಮೊದಲ ಪುಟಕ್ಕೆ ಆ 607ರ ಹುಡುಗಿಯನ್ನು ಕೇಳಿದ್ದೀನಿ. "ಬರೀತೀನಿ, ಆದ್ರ ಎರಡೂ ಟೇಬಲ್ ಹಾಕಬೇಕ್ ನೋಡ" ಅಂದಿದ್ದಾಳೆ.